ಎರಡಂಗುಲದ ಪಟಾಲಂ

ಹೆಡ್ ಗುಮಾಸ್ತರ ಮಾನ ಹರಾಜಾಗಿದ್ದು ಒಂದು ಬಿರಡೆಯಿಂದ. ಥಿನ್ನರ್ ತುಂಬಿದ್ದ ಪುಟ್ಟ ಬಾಟಲಿಯ ಬಿರಡೆ ಅದು. ಗಟ್ಟಿಯಾಗಿ ಒತ್ತಿದ್ದೇನೆ ಎಂದು ಅವರು ನಂಬಿದ್ದರು. ಬಸ್ಸಿನಿಂದ ಇಳಿಯುವಷ್ಟರಲ್ಲಿ ಅರ್ಧ ಬಾಟಲಿ ಖಾಲಿಯಾಗಿ, ಊಟದ ಚೀಲ ದಾಟಿ ಪ್ಯಾಂಟಿಗೆ ಇಳಿದಿತ್ತು.

ಐವತ್ತೆರಡು ವರ್ಷದ, ಅರೆನರೆತ ಮೀಸೆಯ, ನೀರು ಸರಬರಾಜು ಕಚೇರಿಯ ಹೆಡ್ ಗುಮಾಸ್ತರ ಊಟದ ಚೀಲದಲ್ಲಿ ಬಣ್ಣ ತೆಳುವಾಗಿಸುವ ಥಿನ್ನರ್‌ಗೆ ಏನು ಕೆಲಸ? ಹೇಳಲು ನನಗೇ ಸಂಕೋಚ. ಅವರಿಗಂತೂ ಹನ್ನೊಂದು ವರ್ಷದಿಂದ ಸಂಕೋಚ. ಹೆಡ್ ಗುಮಾಸ್ತರು ಗುಟ್ಟಾಗಿ ಸೈನಿಕರ ಗೊಂಬೆ ಮಾಡುತ್ತಿದ್ದರು.

ಯುದ್ಧಕಾಲದ ಸೈನಿಕರು, ಪ್ಲಾಸ್ಟಿಕ್‌ನವರು. ಡಬ್ಬಿ ಬಿಚ್ಚಿದರೆ ಒಬ್ಬ ಮನುಷ್ಯನೂ ಇಡಿಯಾಗಿ ಸಿಗುವುದಿಲ್ಲ. ತಲೆ ಒಂದು ಕಡೆ, ಕಾಲು ಒಂದು ಕಡೆ, ಬಂದೂಕು ಇನ್ನೊಂದು ಕಡೆ, ಎಲ್ಲವೂ ಒಂದು ಚೌಕಟ್ಟಿನ ಕಡ್ಡಿಗಳಿಗೆ ಕಚ್ಚಿಕೊಂಡಿರುತ್ತವೆ. ಒಂದೊಂದನ್ನೇ ಕತ್ತರಿಸಿ, ಅರದಿಂದ ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿದರೆ ನಿಜವಾದ ಸೈನಿಕನ ಮೂವತ್ತೈದರಲ್ಲಿ ಒಂದು ಪಾಲಿನ, ಅಂದರೆ ಎರಡಂಗುಲದ ಸೈನಿಕ ಎದ್ದು ನಿಲ್ಲುತ್ತಾನೆ. ಮೂರೇ ಕೂದಲಿನ ಕುಂಚದಲ್ಲಿ ಅವನಿಗೆ ಕಣ್ಣು ಬರೆಯುವಾಗ ಹೆಡ್ ಗುಮಾಸ್ತರು ಉಸಿರು ಬಿಗಿಹಿಡಿಯುತ್ತಿದ್ದರು. ಕಣ್ಣು ಬಂದ ಮೇಲೆ ಹಿಂದೆ ಮುಂದೆ ನೋಡಿ, ಅವನ ಜೊತೆ ಎರಡು ಮಾತೂ ಆಡುತ್ತಿದ್ದರು.

ಅಂಗಡಿಯಲ್ಲಿ ಅವರು ಹೇಳುತ್ತಿದ್ದದ್ದು "ಮಗನಿಗೆ" ಎಂದು. ಅವರಿಗಿದ್ದದ್ದು ಒಬ್ಬಳೇ ಮಗಳು. ಅವಳೂ ಮದುವೆಯಾಗಿ ಹೋಗಿದ್ದಳು. ಹುಟ್ಟದೇ ಇದ್ದ ಆ ಮಗ ಹನ್ನೊಂದು ವರ್ಷದಿಂದ ಆರನೇ ಕ್ಲಾಸಿನಲ್ಲೇ ಕೂತಿದ್ದ. ಹೋದ ತಿಂಗಳು ಅಂಗಡಿಯವನು ತಡೆಯಲಾರದೆ, "ಹುಡುಗನಿಗೆ ಒಂದು ಟ್ಯೂಷನ್ ಆದ್ರೂ ಇಡಿಸಿ ಸಾರ್" ಎಂದು ಮರುಗಿದ್ದ.

ಮನೆಯಲ್ಲಿ ಹೆಂಡತಿಗೆ ಹೇಳುತ್ತಿದ್ದದ್ದು "ಆಫೀಸಿನ ಫೈಲು" ಎಂದು. ಹಿಂದಿನ ಕೋಣೆಯ ಬಾಗಿಲಿಗೆ ಚಿಲಕ ಹಾಕಿಕೊಂಡರೆ ಊಟದ ಹೊತ್ತಿಗೇ ಹೊರಗೆ ಬರುವುದು. ನೂರಾ ನಲವತ್ತು ಜನರ ಪಟಾಲಂ ಅಲ್ಲಿಯ ಟ್ರಂಕಿನಲ್ಲಿ, ಹಳೆಯ ಕಾಗದಗಳ ಕೆಳಗೆ ಹತ್ತಿಯ ಮೇಲೆ ಮಲಗಿತ್ತು. ಇನ್ನು ಕಚೇರಿಯಲ್ಲಿ? ಐದು ನಿಮಿಷ ತಡವಾಗಿ ಬಂದವರಿಂದ ಕಾರಣ ಕೇಳಿ ನೋಟೀಸು ಬರೆಯುವ ಮನುಷ್ಯ ಅವರು. ಅಂಥವರು ಗೊಂಬೆ ಆಡುತ್ತಾರೆ ಎಂದು ಒಬ್ಬರಿಗೆ ಗೊತ್ತಾದರೂ ಸಾಕು, ನಾಳೆಯಿಂದ ಆ ನೋಟೀಸುಗಳಲ್ಲಿ ಜನ ಕೈ ಒರೆಸಿಕೊಳ್ಳುತ್ತಾರೆ. ಈ ಒಂದು ಭಯದಲ್ಲೇ ಅವರ ಹನ್ನೊಂದು ವರ್ಷ ಕಳೆದಿತ್ತು.

ಆ ವಾರ ಹೆಂಡತಿಯ ಅಕ್ಕ ಬಂದು ಹಿಂದಿನ ಕೋಣೆಯಲ್ಲಿ ಝಂಡಾ ಊರಿದ್ದರು. ಮೊಣಕಾಲೂರಿ ಕೂತ ರೇಡಿಯೋ ಸೈನಿಕನೊಬ್ಬ ಎರಡೂ ಕೈಯಿಲ್ಲದೆ ಆರು ದಿನದಿಂದ ಕಾಯುತ್ತಿದ್ದ. ಏಳನೆಯ ದಿನ ಹೆಡ್ ಗುಮಾಸ್ತರ ಮನಸ್ಸು ತಡೆಯಲಿಲ್ಲ. ಅವನನ್ನು ಕನ್ನಡಕದ ಡಬ್ಬಿಯಲ್ಲಿ ಮಲಗಿಸಿ, ಕೈಗಳನ್ನು ಪೊಟ್ಟಣ ಕಟ್ಟಿ, ಅಂಟು, ಬಣ್ಣ, ಥಿನ್ನರ್ ಸಮೇತ ಕಚೇರಿಗೆ ಹೊರಟರು. ಊಟದ ಬಿಡುವಿನಲ್ಲಿ ರೆಕಾರ್ಡ್ ರೂಮಿಗೆ ಯಾರೂ ಬರುವುದಿಲ್ಲ ಎಂಬುದು ಅವರ ಲೆಕ್ಕ.

ಅವರು ಕುರ್ಚಿಯಲ್ಲಿ ಕೂತ ಎರಡೇ ನಿಮಿಷಕ್ಕೆ ಟೈಪಿಸ್ಟಮ್ಮ ಮೂಗು ಎತ್ತಿದರು.

"ಸಾರ್, ಏನೋ ಘಾಟು ಬರ್ತಿದೆ ಅಲ್ವಾ?"

"ಕೆಮ್ಮಿನ ಔಷಧಿ. ಚೆಲ್ಲಿಹೋಯ್ತು."

"ನಿಮಗೆ ಕೆಮ್ಮೇ ಇಲ್ವಲ್ಲ ಸಾರ್?"

ಹೆಡ್ ಗುಮಾಸ್ತರು ತಕ್ಷಣ ಕೆಮ್ಮಿದರು. ಕೆಮ್ಮು ಅಷ್ಟೇನೂ ಚೆನ್ನಾಗಿ ಬರಲಿಲ್ಲ. ಟೈಪಿಸ್ಟಮ್ಮ "ಆಯ್ತು ಬಿಡಿ ಸಾರ್, ಅರ್ಥ ಆಯ್ತು" ಎಂದು ಮುಗುಳ್ನಕ್ಕು ಮತ್ತೆ ಟೈಪಿಸತೊಡಗಿದರು. ಆ ನಗು ಹೆಡ್ ಗುಮಾಸ್ತರ ಬೆನ್ನಿಗೆ ಚುಚ್ಚಿತು. ಸ್ವಲ್ಪ ಹೊತ್ತಿಗೆ ಮುದಿ ಜವಾನ ಬಂದು, ಗಾಳಿ ಎಳೆದುಕೊಂಡು, ತಾನೂ ನಕ್ಕು ಕಿಟಕಿ ತೆರೆದು ಹೋದ. ಆಮೇಲೆ ನೀರಿನ ಹೂಜಿಯ ಹತ್ತಿರ ಇಬ್ಬರೂ ಪಿಸುಗುಟ್ಟಿದ್ದು ಕಿವಿಗೆ ಬಿತ್ತು.

"ಮನೇಲಿ ನೆಂಟರು ಇದ್ದಾರಂತೆ. ಅದಕ್ಕೇ ಇಲ್ಲಿಗೇ ತಂದ್ಕೊಂಡಿದ್ದಾರೆ ನೋಡಿ."

"ಪಾಪ, ಬಿಟ್ಟಿರೋಕೆ ಆಗಲ್ಲ ಅಮ್ಮಾ ಅದು. ಹತ್ತಿದವರಿಗೇ ಗೊತ್ತು."

ಹೆಡ್ ಗುಮಾಸ್ತರು ಕಿವಿ ನಿಮಿರಿಸಿದರು. ತಾನು ಕುಡಿದು ಬಂದಿದ್ದೇನೆ ಎಂದುಕೊಂಡರಲ್ಲ! ಒಂದು ಹನಿಯನ್ನೂ ಮುಟ್ಟಿದವರಲ್ಲ ಅವರು, ಅಳು ಬರುವಂತಾಯಿತು. ಎದ್ದು ಹೋಗಿ ತಿಳಿಸಿ ಹೇಳಬೇಕು ಎನ್ನಿಸಿತು. ಆದರೆ ಏನೆಂದು ತಿಳಿಸುವುದು? ಕುಡುಕ ಅಲ್ಲ ಎಂದರೆ ವಾಸನೆ ಎಲ್ಲಿಯದು ಎಂದು ಕೇಳುತ್ತಾರೆ. ಚೀಲ ಬಿಚ್ಚಬೇಕು, ಕನ್ನಡಕದ ಡಬ್ಬಿ ತೆರೆಯಬೇಕು. ಕೊನೆಗೆ ಒಂದು ನಿರ್ಧಾರಕ್ಕೆ ಬಂದರು. ಕುಡಿಯುವ ಹೆಡ್ ಗುಮಾಸ್ತರನ್ನು ಲೋಕ ಕಂಡಿದೆ. ಗೊಂಬೆ ಆಡುವ ಹೆಡ್ ಗುಮಾಸ್ತರನ್ನು ಕಂಡಿಲ್ಲ.

ಊಟದ ಬಿಡುವಾಯಿತು. ರೆಕಾರ್ಡ್ ರೂಮಿನ ಬಲ್ಬು ಸುಟ್ಟುಹೋಗಿತ್ತು. ಕಪಾಟುಗಳ ಸಂದಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಅರೆಗತ್ತಲಲ್ಲಿ ಪೊಟ್ಟಣ ಬಿಚ್ಚಿ ಒಂದು ಕೈ ಹೆಕ್ಕಿಕೊಂಡರು. ಕ್ಷಣದಲ್ಲಿ ಕಚ್ಚಿಕೊಳ್ಳುವ ಅಂಟು ಅದು. ಸೈನಿಕನ ಭುಜಕ್ಕೆ ಒಂದು ತೊಟ್ಟು ಬಿಟ್ಟು ಕೈಯನ್ನು ಒತ್ತಿ ಹಿಡಿದರು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಿಗೆ ತಿರುಗಿದಾಗ ಅಂಟು ಬೆರಳಿಗೆ ಹರಿಯಿತು.

"ಸಾರ್, ಸಾಹೇಬರು ಕರೀತಿದಾರೆ. ಈಗ್ಲೇ ಬರಬೇಕಂತೆ" ಎಂದ ಹೊರಗಿನಿಂದ ಜವಾನ.

ಏಳಲು ನೋಡಿದರೆ ಬಲಗೈಯ ಹೆಬ್ಬೆರಳು, ತೋರುಬೆರಳು, ಸೈನಿಕ ಮೂವರೂ ಒಂದಾಗಿದ್ದರು. ಎಳೆದರು, ಕೊಸರಿದರು, ಹಲ್ಲಿನಲ್ಲಿ ಕಚ್ಚಿದರು. ಸೈನಿಕ ತನ್ನ ಠಾಣೆ ಬಿಟ್ಟು ಕದಲಲಿಲ್ಲ. ಬೇರೆ ದಾರಿ ಕಾಣದೆ ಕೈಯನ್ನು ಪ್ಯಾಂಟಿನ ಜೇಬಿಗೆ ತುರುಕಿ ಹೊರಟರು. ಕೂತು ಕೂತು ಎಡಗಾಲು ಜೋಮು ಹಿಡಿದಿತ್ತು. ಘಾಟಿಗೆ ಕಣ್ಣು ಕೆಂಪಾಗಿತ್ತು. ವರಾಂಡದುದ್ದಕ್ಕೂ ಅವರು ಗೋಡೆ ಹಿಡಿದು ಓಲಾಡುತ್ತ ಹೋದದ್ದನ್ನು ನೀರಿನ ಬಿಲ್ಲು ಕಟ್ಟಲು ಬಂದವರೆಲ್ಲ ನಿಂತು ನೋಡಿದರು.

ಸಾಹೇಬರು ಆರು ತಿಂಗಳ ಹಿಂದೆ ವರ್ಗವಾಗಿ ಬಂದವರು. ವಯಸ್ಸಿನಲ್ಲಿ ಚಿಕ್ಕವರು, ಮಾತು ಕಡಿಮೆ. ಆವತ್ತು ಎಂದಿಲ್ಲದ ಮೆದು ದನಿಯಲ್ಲಿ, "ಬನ್ನಿ, ಕೂತ್ಕೊಳ್ಳಿ" ಎಂದು ತಾವೇ ಎದ್ದು ಬಾಗಿಲು ಹಾಕಿ ಬಂದರು.

"ನಾಚ್ಕೋಬೇಡಿ. ನಿಮ್ಮ ವಿಷಯ ನನಗೆ ಗೊತ್ತಾಯ್ತು. ಟೈಪಿಸ್ಟಮ್ಮ ಹೇಳಿದ್ರು."

ಹೆಡ್ ಗುಮಾಸ್ತರು ಜೇಬಿನ ಕೈಯನ್ನು ಇನ್ನೂ ಒಳಕ್ಕೆ ತಳ್ಳಿದರು.

"ಎಷ್ಟು ವರ್ಷ ಆಯ್ತು? ಈ ಚಟ ಯಾವಾಗ ಅಂಟಿದ್ದು?"

ಬೇರೆ ಯಾವ ಮಾತು ಹೇಳಿದ್ದರೂ ಹೆಡ್ ಗುಮಾಸ್ತರು ತಡೆದುಕೊಳ್ಳುತ್ತಿದ್ದರೋ ಏನೋ. ಜೇಬಿನಲ್ಲಿ ಬೆರಳು ಕಚ್ಚಿಕೊಂಡಿದ್ದ ಹೊತ್ತಿನಲ್ಲಿ 'ಅಂಟಿದ್ದು' ಎಂಬ ಮಾತು ಕಿವಿಗೆ ಬಿದ್ದದ್ದೇ ಕುರ್ಚಿಯಿಂದ ಅರ್ಧ ಎದ್ದುಬಿಟ್ಟರು.

"ಅಂಟಾ? ಅಂಟಲ್ಲ ಸಾರ್! ಅಂಟಿನ ವಾಸನೆ ಅಲ್ಲವೇ ಅಲ್ಲ. ಎಣ್ಣೆ!"

ಸಾಹೇಬರ ಮುಖ ಅರಳಿತು. "ಓಹೋ, ಎಣ್ಣೆನಾ? ಮುಖಕ್ಕಾ?"

"ಮುಖಕ್ಕೆ ಯಾಕೆ ಸಾರ್? ಗಂಟಲಿಗೆ. ಕುಡಿಯೋ ಎಣ್ಣೆ ಸಾರ್. ನಾನು ಕುಡೀತೀನಿ."

ಅರಳಿದ ಮುಖ ಹಾಗೇ ಮುದುಡಿತು. ಒಮ್ಮೆ ಬಾಯಿ ಬಿಟ್ಟ ಮೇಲೆ ಹೆಡ್ ಗುಮಾಸ್ತರು ಅರ್ಧಕ್ಕೆ ನಿಲ್ಲಿಸುವವರಲ್ಲ. ಫೈಲಿನಲ್ಲಿ ಹೇಗೋ ತಪ್ಪೊಪ್ಪಿಗೆಯಲ್ಲೂ ಹಾಗೇ, ಯಾವ ಕಾಲಮ್ಮನ್ನೂ ಖಾಲಿ ಬಿಡಲಿಲ್ಲ. ಹಲ್ಲುಜ್ಜುವ ಮೊದಲು ಒಂದು, ಬಸ್ಸಿನಲ್ಲಿ ಒಂದು, ಊಟದ ಬಿಡುವಿನಲ್ಲಿ ರೆಕಾರ್ಡ್ ರೂಮಿನಲ್ಲಿ ಎರಡು, ಹೀಗೆ ಹನ್ನೊಂದು ವರ್ಷದಿಂದ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಸಾಹೇಬರು, ಇನ್ನು ಮುಟ್ಟುವುದಿಲ್ಲವೆಂದು ಬರೆದುಕೊಡಲು ಕಾಗದ ಮುಂದೆ ತಳ್ಳಿದರು. ಬಲಗೈ ಜೇಬಿನಲ್ಲಿ ಸೆರೆಯಾಗಿತ್ತು. ಎಡಗೈಯಲ್ಲಿ ಬರೆದ ಅಕ್ಷರಗಳು ಕಾಗದದ ಮೇಲೆ ಸೋತ ಸೈನ್ಯದಂತೆ ದಿಕ್ಕಾಪಾಲಾದವು. ಅದನ್ನು ನೋಡಿ ಸಾಹೇಬರಿಗೆ ಉಳಿದಿದ್ದ ಚೂರು ಅನುಮಾನವೂ ಹೋಯಿತು. ಹೆಡ್ ಗುಮಾಸ್ತರ ಮನೆಗೆ ಫೋನು ಮಾಡಿ ಹೆಂಡತಿಗೆ ವಿಷಯ ತಿಳಿಸಿದರು.

ಅರ್ಧ ಗಂಟೆ ಫೈಲು ತಿರುವಿಹಾಕಿದ ಮೇಲೆ ಮೇಜಿನ ಡ್ರಾಯರ್ ಎಳೆದು, ಅಂಗೈಯಗಲದ ಒಂದು ಯುದ್ಧದ ಟ್ಯಾಂಕನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟರು.

"ನಾನು ನಿಮ್ಮನ್ನ ಕರೆಸಿದ್ದು ಇದಕ್ಕೆ. ನಾನೇ ಮಾಡಿದ್ದು. ಮನೇಲಿ ಇಪ್ಪತ್ತಾರು ಇವೆ, ಒಂದರ ಮೇಲೂ ಒಬ್ಬ ಸೈನಿಕನಿಲ್ಲ. ನನಗೆ ಮುಖ ಬರೆಯೋಕೆ ಬರಲ್ಲ. ನೀವು ಕಣ್ಣಿನ ಗುಡ್ಡೆ ಸಮೇತ ಬರೀತೀರಿ ಅಂತ ಟೈಪಿಸ್ಟಮ್ಮ ಹೇಳಿದಾಗ ಎಷ್ಟು ಖುಷಿಯಾಯ್ತು ಗೊತ್ತಾ? ಮುಖಕ್ಕೆ ಎಣ್ಣೆ ಬಣ್ಣ ಹಚ್ತೀರೇನೋ ಅಂದ್ಕೊಂಡೆ. ಭಾನುವಾರ ಮನೆಗೆ ಕರೆಯೋಣ ಅಂತಿದ್ದೆ. ಈಗ ಹೇಗೆ ಕರೀಲಿ, ನೀವೇ ಹೇಳಿ."

ಹೆಡ್ ಗುಮಾಸ್ತರು ಇಂಗು ತಿಂದ ಮಂಗನಂತೆ ಕೂತರು. "ಟೈಪಿಸ್ಟಮ್ಮನಿಗೆ... ಯಾರು ಹೇಳಿದ್ದು ಸಾರ್?"

"ನಾನು ಹೇಳಿದ್ದು" ಎಂದಿತು ಬಾಗಿಲಿನಿಂದ ಒಂದು ದನಿ. ಆಟೋ ಹಿಡಿದು ಓಡಿಬಂದ ಹೆಂಡತಿ, ಚಪ್ಪಲಿ ಅದಲುಬದಲಾಗಿದ್ದದ್ದೂ ತಿಳಿಯದೆ ನಿಂತಿದ್ದಳು. ಅವಳ ಹಿಂದೆ ಟೈಪಿಸ್ಟಮ್ಮ, ಜವಾನ. ಯಾರ ಮುಖದಲ್ಲೂ ನಗುವಿರಲಿಲ್ಲ.

"ಟ್ರಂಕಿಗೆ ಹತ್ತಿ ಬದಲಾಯಿಸ್ತಿದ್ದದ್ದು ಯಾರು ಅಂದ್ಕೊಂಡ್ರಿ? ಹನ್ನೊಂದು ವರ್ಷದಿಂದ ಒಬ್ಬೊಬ್ಬರನ್ನೂ ಒರೆಸಿ ಇಟ್ಟಿದ್ದೀನಿ. ನೀವಾಗೇ ಹೇಳಲಿ ಅಂತ ಸುಮ್ಮನಿದ್ದೆ. ನಮ್ಮೆಜಮಾನ್ರು ಎಲ್ಲರ ಹಾಗೆ ಕುಡಿಯೋರಲ್ಲ, ಪಾಪ, ತಮ್ಮ ಪಾಡಿಗೆ ಗೊಂಬೆ ಮಾಡ್ಕೊಂಡಿರ್ತಾರೆ ಅಂತ ಕಂಡೋರಿಗೆಲ್ಲ ಹೇಳಿ ಮೆರೆದೆನಲ್ಲ, ನನಗೆ ಬುದ್ಧಿ ಇಲ್ಲ!" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೆಡ್ ಗುಮಾಸ್ತರಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಮುಚ್ಚಿಟ್ಟದ್ದು ಎಲ್ಲರಿಗೂ ಗೊತ್ತಿತ್ತು, ಗೊತ್ತಿದ್ದೂ ಯಾರೂ ಗೇಲಿ ಮಾಡಿರಲಿಲ್ಲ. ಅವರನ್ನು ಕುಡುಕ ಎಂದವರು ಈ ಕಟ್ಟಡದಲ್ಲಿ ಒಬ್ಬರೇ, ಅದು ಅವರೇ. ನಾಚಿಕೆ ಕುತ್ತಿಗೆಯಿಂದ ಕಿವಿಯವರೆಗೆ ಬಿಸಿಯಾಗಿ ಏರಿತು. ಎದ್ದು ನಿಂತರು.

"ಸುಳ್ಳು ಕಣೇ! ನಾನು ಹೇಳಿದ್ದೆಲ್ಲ ಸುಳ್ಳು. ಒಂದು ಹನೀನೂ ಮುಟ್ಟಿಲ್ಲ. ಆಗ ಕುಡಿದಿಲ್ಲ, ಈಗಲೂ ಕುಡಿದಿಲ್ಲ. ಇದು ಥಿನ್ನರ್ ವಾಸನೆ ಸಾರ್. ರೆಕಾರ್ಡ್ ರೂಮಲ್ಲಿ ಕೂತು ಇದನ್ನ ಅಂಟಿಸ್ತಿದ್ದೆ, ನೋಡಿ!" ಎಂದು ಜೇಬಿನಿಂದ ಕೈ ಸೆಳೆದು ಎಲ್ಲರ ಮುಂದೆ ಚಾಚಿದರು. ಬೆರಳ ತುದಿಯಲ್ಲಿ ರೇಡಿಯೋ ಸೈನಿಕ ಮೊಣಕಾಲೂರಿ ಕೂತಿದ್ದ.

ಹೆಂಡತಿಯ ಮುಖದಲ್ಲಿ ಸ್ವಲ್ಪ ಜೀವ ಬಂತು. ಸಾಹೇಬರು ಆಸೆಯಿಂದ ಭೂತಗನ್ನಡಿ ತೆಗೆದುಕೊಂಡು ಬಗ್ಗಿದರು. ಮೊದಲು ರೇಡಿಯೋ ನೋಡಿದರು, ಬೂಟು ನೋಡಿದರು, ತಲೆದೂಗಿದರು. ಭುಜದ ಹತ್ತಿರ ಬಂದಾಗ ಅವರ ಹುಬ್ಬು ಗಂಟಾಯಿತು. ಇನ್ನೊಮ್ಮೆ ನೋಡಿದರು. ಕೊನೆಗೆ ಭೂತಗನ್ನಡಿಯನ್ನು ಮೆಲ್ಲಗೆ ಕೆಳಗಿಟ್ಟರು.

"ಬಲ ಭುಜಕ್ಕೆ ಎಡಗೈ ಅಂಟಿಸಿದ್ದೀರಲ್ರೀ" ಎಂದರು ನೊಂದ ದನಿಯಲ್ಲಿ. "ಹನ್ನೊಂದು ವರ್ಷದ ಅನುಭವ ಇರೋರು, ಮೈಮೇಲೆ ಎಚ್ಚರ ಇದ್ದು ಯಾರಾದ್ರೂ ಹೀಗೆ ಮಾಡ್ತಾರಾ?"

ಹೆಡ್ ಗುಮಾಸ್ತರು ಬಗ್ಗಿ ನೋಡಿದರು. ಹೌದು, ಎಡಗೈಯೇ. ಹೆಬ್ಬೆರಳು ಹೊರಕ್ಕೆ ತಿರುಗಿತ್ತು. ಸಾಹೇಬರು ಕಾಯುತ್ತಿದ್ದರು, ಹೆಂಡತಿ ಕಾಯುತ್ತಿದ್ದಳು. ಇಷ್ಟು ಹೊತ್ತು ಪಟ್ಟ ನಾಚಿಕೆಯೆಲ್ಲ ಈ ನಾಚಿಕೆಯ ಮುಂದೆ ಏನೂ ಅಲ್ಲ ಎನ್ನಿಸಿತು. ಅವರು ತಲೆ ತಗ್ಗಿಸಿ, ಯಾರ ಮುಖವನ್ನೂ ನೋಡದೆ ಹೇಳಿದರು:

"ಕುಡಿದಿದ್ದೆ ಸಾರ್."