ಅಡುಗೆಮನೆ ಕಿಟಕಿಗೊಂದು ಮರೆ

ಎದುರು ಕಟ್ಟಡದ ಮೂರನೇ ಮಹಡಿಗೆ ಪರಾಗ ಗೋಡಬೋಲೆ ಎಂಬ ಬ್ರಹ್ಮಚಾರಿ ಬಂದಿಳಿದಂದೇ ಪುಣೆಯ ಹೇರಂಬ ಗದ್ರೆಯವರ ದಾಂಪತ್ಯ ಸಾಮ್ರಾಜ್ಯಕ್ಕೆ ಗ್ರಹಣ ಹಿಡಿಯಿತು. ಆತನಿಗೆ ತಲೆತುಂಬ ಕೂದಲು. (ಹೇರಂಬರಾಯರ ತಲೆಯ ವಿಚಾರ ಇಲ್ಲಿ ಬೇಡ.) ಬೆಳಗಾದರೆ ಬಾಲ್ಕನಿಯ ಗಿಡಗಳಿಗೆ ನೀರು ಹಾಕುತ್ತ ಮರಾಠಿ ನಾಟಕದ ಹಾಡು ಹಾಡುತ್ತಿದ್ದ. ಇತ್ತ ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿ ವೈಜಯಂತಿ ಅವಲಕ್ಕಿ ಪೋಹೆಗೆ ಒಗ್ಗರಣೆ ಹಾಕುತ್ತ ತಲೆದೂಗುತ್ತಿದ್ದಳು. ಅದನ್ನೂ ಸಹಿಸಬಹುದಿತ್ತು. ಆದರೆ ಆ ಮಹಾನುಭಾವ ಅವಳನ್ನು 'ವೈನಿ' ಎಂದೂ ಇವರನ್ನು 'ಕಾಕಾ' ಎಂದೂ ಕರೆದುಬಿಟ್ಟ!

"ಅವಳು ಅತ್ತಿಗೆ ಆದ್ರೆ ನಾನು ಚಿಕ್ಕಪ್ಪ ಹೇಗಾದೆ?" ಎಂದು ಹೇರಂಬರಾಯರು ಕನ್ನಡಿಯನ್ನು ಕೇಳಿದರು. ಕನ್ನಡಿ ಸಭ್ಯತೆಯಿಂದ ಅವರ ತಲೆಯನ್ನಷ್ಟೇ ತೋರಿಸಿತು.

ಮಧ್ಯಾಹ್ನ ಊಟದಲ್ಲಿ ಘೋಷಣೆಯಾಯಿತು. "ಅಡುಗೆಮನೆಗೆ ಬಿಸಿಲು ಜಾಸ್ತಿ. ಬ್ಲೈಂಡ್ಸ್ ಹಾಕಿಸೋಣ."

"ಉತ್ತರದ ಕಿಟಕಿಗೆ ಬಿಸಿಲು ಯಾವಾಗ ಬಂತ್ರೀ?"

"ಬರಬಹುದು. ಹವಾಮಾನ ಕೆಟ್ಟಿದೆ."

ಅಂಗಡಿಯಲ್ಲಿ ವೈಜಯಂತಿ ಬಿದಿರಿನ ಪರದೆ ಸವರಿದಳು. "ಎಷ್ಟು ಚೆಂದ ಇದೆ!"

"ಸಂದು ಕಾಣುತ್ತೆ."

"ಈ ಪಟ್ಟಿಪಟ್ಟಿದು? ದಾರ ಎಳೆದ್ರೆ ಬೇಕಾದಾಗ ತೆರೆಯುತ್ತೆ."

"ಅದೇ ಅದರ ದೋಷ!"

"ಹೋಗ್ಲಿ, ಈ ತೆಳು ಬಟ್ಟೇದು?"

"ನೆರಳು ಕಾಣುತ್ತೆ."

"ಯಾರಿಗೆ?"

ಹೇರಂಬರಾಯರಿಗೆ ಕೆಮ್ಮು ಬಂತು. ಅಂಗಡಿಯವನೇ ಕಾಪಾಡಿದ. "ಕಾಕಾ, ಒಂದು ಹನಿ ಬೆಳಕೂ ನುಸುಳದ್ದು ಇದೆ. ಸುರುಳಿ ಬಿಚ್ಚಿದ್ರೆ ಹಗಲೇ ಅಮಾವಾಸ್ಯೆ."

"ಅದೇ ಕೊಡಿ!" (ಇವನೂ ಕಾಕಾ ಎಂದದ್ದನ್ನು ಆ ಸಂತೋಷದಲ್ಲಿ ಕ್ಷಮಿಸಿದರು.)

ಭಾನುವಾರ ಕಿಟಕಿಗೆ ಆ ಅಮಾವಾಸ್ಯೆ ಇಳಿಬಿತ್ತು. ಅಡುಗೆಮನೆ ಗುಹೆಯಾಯಿತು. ಹೇರಂಬರಾಯರು ಅದರ ನಡುವೆ ಗೆದ್ದ ಪೇಶ್ವೆಯಂತೆ ಕುಳಿತರು. ಹಾಡು ಕೇಳುತ್ತಿತ್ತು, ಹಾಡುವವ ಕಾಣುತ್ತಿರಲಿಲ್ಲ. ಅಷ್ಟರಲ್ಲಿ ಹಾಡು ನಿಂತು ನಗು ಕೇಳಿಸಿತು. ಒಂದಲ್ಲ, ಎರಡು ನಗು.

ಎದ್ದೆನೋ ಬಿದ್ದೆನೋ ಎಂದು ಹಜಾರಕ್ಕೆ ಓಡಿ ನೋಡಿದರೆ, ವೈಜಯಂತಿ ಮೆಂತ್ಯದ ಸೊಪ್ಪಿನ ಮೊರ ಹಿಡಿದು ಬಾಲ್ಕನಿಯಲ್ಲಿ ಕುಳಿತಿದ್ದಾಳೆ! ಎದುರಿನ ಬಾಲ್ಕನಿಯ ಕಟಕಟೆಗೆ ಮೊಣಕೈ ಊರಿ ನಿಂತ ಪರಾಗ.

"ಇಲ್ಲೇನು ಮಾಡ್ತಿದ್ದೀಯ?"

"ಮತ್ತೇನ್ರೀ, ಹಾಡುಹಗಲಲ್ಲಿ ದೀಪ ಹಾಕ್ಕೊಂಡು ಸೊಪ್ಪು ಬಿಡಿಸ್ಲಾ? ಇನ್ಮೇಲೆ ಹೆಚ್ಚೋದು, ಆರಿಸೋದು ಎಲ್ಲಾ ಇಲ್ಲೇ. ಹೇಗೂ ಗಾಳಿ ಚೆನ್ನಾಗಿದೆ."

ಹೇರಂಬರಾಯರು ಬಾಯಿ ತೆರೆಯುವಷ್ಟರಲ್ಲಿ ಎದುರಿನ ಬಾಲ್ಕನಿ ಖಾಲಿಯಾಗಿತ್ತು.

"ಎಲ್ಲಿ ಹೋದ ಅವನು?"

"ನಮ್ಮನೆಗೇ ಬರ್ತಿದ್ದಾರೆ. ನಿಮ್ಮ ಬ್ಲೈಂಡ್ಸ್ ಭಾಳ ಹೊಗಳಿದೆ. ಅವರಿಗೂ ಅಂಥದೇ ಬೇಕಂತೆ, ನೋಡ್ಬೇಕಂತೆ. ಹೋಗಿ ಮೂರು ಕಪ್ ಚಹಾ ಇಡಿ, ನನ್ನ ಕೈಯೆಲ್ಲಾ ಮಣ್ಣಾಗಿದೆ."

ಕರೆಗಂಟೆ ಸದ್ದಾಯಿತು. ವೈಜಯಂತಿ ಸೆರಗು ಸರಿಪಡಿಸಿಕೊಂಡು ಬಾಗಿಲಿಗೆ ನಡೆದಳು. ಹೇರಂಬರಾಯರು ತಾವೇ ಆರಿಸಿ ತಂದ ಕತ್ತಲೆಯೊಳಗೆ ಸಕ್ಕರೆ ಡಬ್ಬಿಗಾಗಿ ತಡಕಾಡತೊಡಗಿದರು.