ಪ್ಲೈವುಡ್ ದಾವೆ ಮತ್ತು ನಮ್ಮ ಮನೆಯವರ ಮರ್ಯಾದೆ

ನಮ್ಮ ಮನೆಯವರು ಮಹಾ ಮರ್ಯಾದಸ್ಥರು. ಆದ್ದರಿಂದಲೇ ನಮ್ಮಲ್ಲಿ ಇಂಥ ಪ್ರಸಂಗಗಳು ಆಗುತ್ತಲೇ ಇರುತ್ತವೆ. ಮರ್ಯಾದೆ ಅವರ ಪಾಲಿಗೆ, ಖರ್ಚಿನ ಚಿಂತೆ ನನ್ನ ಪಾಲಿಗೆ.

ಧಾರವಾಡದಿಂದ ಪುಣೆಗೆ ಬಂದು ಕೊಂಢವಾದಲ್ಲಿ ಫರ್ನಿಚರ್ ಅಂಗಡಿ ಇಟ್ಟವರು ಇವರು. ಏಳು ವರ್ಷದ ಹಿಂದೆ ಬೆಳಗಾವಿ ಕಡೆಯಿಂದ ಬಂದು ಪುಣೆಯಲ್ಲೇ ನೆಲೆಸಿದ ಒಬ್ಬ ಸಾವಕಾರರಿಂದ ಎಂಬತ್ತು ಸಾವಿರ ರೂಪಾಯಿಯ ಪ್ಲೈವುಡ್ ಉದ್ರಿ ತಂದರು. ಮೊದಲ ಮಳೆಗೇ ಅರ್ಧ ಮಾಲು ಪೂರಿಯ ಹಾಗೆ ಉಬ್ಬಿತು. "ಉಬ್ಬಿದ್ದಕ್ಕ ರೊಕ್ಕಾ ಕೊಡಂಗಿಲ್ಲ" ಎಂದರು ಇವರು. "ಮಳ್ಯಾಗ ಇಟ್ರ ಉಬ್ಬಲಾರದ ಏನ್ ಮಾಡ್ತದ?" ಎಂದರು ಅವರು. ಆ ಸಿಟ್ಟಿನಲ್ಲಿ ಇವರು ಉಬ್ಬದೆ ಇದ್ದ ಅರ್ಧದ ದುಡ್ಡನ್ನೂ ಕೊಡಲಿಲ್ಲ. ಇಬ್ಬರ ವ್ಯವಹಾರ ನಿಂತಿತು, ಬಡ್ಡಿ ಮಾತ್ರ ನಿಲ್ಲಲಿಲ್ಲ.

ಅತಿಥಿ ಸತ್ಕಾರ

ಒಂದು ದಿನ ಕೋರ್ಟಿನ ಬೇಲಿಫ್ ಸಮನ್ಸ್ ಹಿಡಿದು ಮನೆಗೆ ಬಂದ. ಬಾಗಿಲಿಗೆ ಯಾರೇ ಬಂದರೂ ನಮ್ಮವರಿಗೆ ಬೀಗರೇ. "ಯಾ, ಯಾ, ಬಸಾ" ಎಂದು ಮರಾಠಿಯಲ್ಲಿ ಉಪಚರಿಸಿ ಸೋಫಾದ ಮೇಲೆ ಕೂಡಿಸಿದರು. ನನ್ನ ಕಡೆಯಿಂದ ಅವಲಕ್ಕಿ ಮಾಡಿಸಿದರು. ಆತ ಪಾಪ ಸಂಕೋಚದಿಂದಲೇ ಎರಡು ಸಲ ಹಾಕಿಸಿಕೊಂಡ. ತೋರಿಸಿದಲ್ಲಿ ಇವರು ಸಹಿ ಹಾಕಿದರು. ಹೊರಡುವಾಗ ಚಟ್ನಿಪುಡಿ ಕಟ್ಟಿಕೊಡು ಎಂದು ನನಗೇ ಹೇಳಿದರು.

ಆತ ಹೋದ ಮೇಲೆ ಓದಿ ನೋಡಿದರೆ, ಬಡ್ಡಿ ಸೇರಿ ಎರಡು ಲಕ್ಷ ಇಪ್ಪತ್ತು ಸಾವಿರಕ್ಕೆ ಪ್ಲೈವುಡ್ ಸಾವಕಾರರು ದಾವೆ ಹೂಡಿದ್ದರು. ನನ್ನ ಜೀವ ಹಾರಿಹೋಯಿತು. ಮನೆಯಲ್ಲಿ ಇದ್ದದ್ದು ನನ್ನ ಮೊಣಕಾಲಿನ ಆಪರೇಷನ್ನಿಗೆ ಎಂದು ತೆಗೆದಿಟ್ಟ ಎರಡು ಲಕ್ಷ, ಅಷ್ಟೇ.

"ಓದಲಾರದ ಸಹಿ ಮಾಡಿದ್ರೆಲ್ರಿ!" ಎಂದೆ.

"ಅಲ್ಲಾ, ಮನೀಗೆ ಬಂದಾಂವನ ಮುಂದ ಕನ್ನಡಕಾ ಹುಡುಕ್ಕೋತ ಕೂಡೂದು ಛಂದ ಕಾಣತದೇನು?" ಎಂದರು.

ಅವಧಿ ಮುಗಿದ ಸಾಲ

ಸದಾಶಿವ ಪೇಠದಲ್ಲಿ ನಮ್ಮ ಕಡೆಯವರೇ ಒಬ್ಬ ವಕೀಲರಿದ್ದಾರೆ. ಅವರ ಆಫೀಸು ಎರಡನೇ ಮಾಳಿಗೆಯಲ್ಲಿ, ಲಿಫ್ಟ್ ಇಲ್ಲ. ಮೊಣಕಾಲು ಹಿಡಿದುಕೊಂಡು ಹತ್ತಿದೆ.

ವಕೀಲರು ಕಾಗದ ಓದಿ ಖುಷಿಯಾದರು. "ಭಾಳ ಸರಳ ಅದರೀ. ಇಂಥಾ ದಾವೆ ಮೂರು ವರ್ಷದಾಗ ಹಾಕಬೇಕು. ಅವರು ಏಳು ವರ್ಷ ಕುಂತಾರ. ಮೂವತ್ತು ದಿನದಾಗ ಉತ್ತರಾ ಕೊಟ್ಟಬಿಡೂಣು, ಅವಧಿ ಮುಗದದ, ಕೊಡೂದು ಏನೂ ಇಲ್ಲ ಅಂತ."

ನನಗೆ ಅವರ ಕಾಲಿಗೆ ಬೀಳಬೇಕು ಅನ್ನಿಸಿತು, ಬಗ್ಗಲು ಬರಲಿಲ್ಲ. ನಮ್ಮವರ ಮುಖ ಮಾತ್ರ ಬಾಡಿತು.

"ಔಷಧಕ್ಕ ಅವಧಿ ಮುಗೀತದ, ಸಾಲಕ್ಕ ಹೆಂಗ ಮುಗೀತದ್ರೀ? ಉಬ್ಬಿದ್ದು ಬಿಟ್ಟು ನಲವತ್ತು ಸಾವಿರ ಕೊಡೂದು ಅದಲ್ಲ?"

"ಕಾಯ್ದೆ ಪ್ರಕಾರ ಇಲ್ರಿ."

"ಕಾಯ್ದೆಗೇನು, ನಾಳೆ ಯಾರದರ ಲಗ್ನದಾಗ ಅವರ ಎದುರು ಊಟಕ್ಕ ಕೂಡಾಂವ ನಾನು!"

ವಕೀಲರು ಕಷ್ಟಪಟ್ಟು ಒಪ್ಪಿಸಿ ಉತ್ತರಕ್ಕೆ ಸಹಿ ಮಾಡಿಸಿದರು. "ಇನ್ನ ಮ್ಯಾಲ ಕೊಡತೀನಿ ಅಂತ ಎಲ್ಲಿಯೂ ಬರದು ಕೊಡಬ್ಯಾಡ್ರಿ, ಮುಗಿದದ್ದು ಮತ್ತ ಎದ್ದು ಕೂಡತದ" ಎಂದು ಎಚ್ಚರಿಸಿದರು. ಅಂದು ರಾತ್ರಿಯೇ ಇವರು ಸಾವಕಾರರಿಗೆ ವಾಟ್ಸಾಪಿನಲ್ಲಿ "ಉತ್ತರದಾಗ ಬರದದ್ದು ಮನಸ್ಸಿಗೆ ಹಚ್ಕೋಬ್ಯಾಡ್ರಿ, ನಿಮ್ಮ ರೊಕ್ಕಾ" ಎಂಬಲ್ಲಿಯವರೆಗೆ ಬರೆದಿದ್ದರು. ಅಷ್ಟರಲ್ಲಿ ಫೋನು ನನ್ನ ಕೈಗೆ ಬಂತು. ಅಂದಿನಿಂದ ಕೋರ್ಟಿನ ಕೆಲಸ ಮುಗಿಯುವವರೆಗೂ ಅದು ನನ್ನ ದಿಂಬಿನ ಕೆಳಗೇ ಮಲಗಿತು.

ದಸರೆಯ ಬನ್ನಿ

ದಸರೆ ಬಂತು. ಬನ್ನಿ ಕೊಡುವಾಗ ವೈರಿಯ ಮನೆಯನ್ನೂ ಬಿಡಬಾರದಂತೆ. ನಮ್ಮವರು ಹೊಸ ಅಂಗಿ ತೊಟ್ಟು ನೇರ ಅಲ್ಲಿಗೇ ಹೊರಟರು. ಏನಾದರೂ ಬರೆದುಕೊಟ್ಟಾರೆಂಬ ಹೆದರಿಕೆಗೆ ಜೊತೆಗೆ ನಾನೂ ಹೋದೆ. ಜೇಬಿನಲ್ಲಿದ್ದ ಪೆನ್ನು ಮೊದಲೇ ತೆಗೆದಿಟ್ಟಿದ್ದೆ.

ವಾದಿ ಪ್ರತಿವಾದಿ ಇಬ್ಬರೂ ಬನ್ನಿ ಕೊಟ್ಟುಕೊಂಡು "ಬಂಗಾರದಂಗ ಇರೂಣು" ಎಂದು ಅಪ್ಪಿಕೊಂಡರು. ಸಾವಕಾರರ ಹೆಂಡತಿ ಕಡಬು ಬಡಿಸಿದರು, ತುಪ್ಪಕ್ಕೆ ಕೈ ಹಿಡಿಯಲಿಲ್ಲ.

"ಮುಂದಿನ ಸೋಮವಾರ ತಾರೀಖು ಅದಲ್ರಿ?" ಎಂದರು ಸಾವಕಾರರು.

"ಹೌದ್ರಿ. ನೀವು ಬರ್ತೀರಲ್ಲ?"

"ಬರಲಾರದ ಏನು, ದಾವೆ ಹಾಕಿದಾಂವ ನಾನಽ ಅಲ್ಲೇನ್ರಿ? ಅಲ್ಲಿ ಗಾಡಿ ನಿಲ್ಲಸಾಕ ಜಾಗಾ ಸಿಗಂಗಿಲ್ಲ. ನನ್ನ ಕಾರಿನಾಗಽ ಬರ್ರಿ, ಜೋಡೀಲೆ ಹೋಗೂಣು. ವೈನಿ ಅವರ ಕಾಲಿಗೂ ಅನುಕೂಲ" ಎಂದು ನನ್ನ ಕಡೆ ನೋಡಿದರು.

ಸೋಮವಾರ ಕೋರ್ಟಿನ ಗೇಟಿನಲ್ಲಿ ಎರಡೂ ಕಡೆಯ ವಕೀಲರು ಬೇರೆಬೇರೆ ನಿಂತು ತಮ್ಮ ತಮ್ಮ ಕಕ್ಷಿದಾರರಿಗೆ ಕಾಯುತ್ತಿದ್ದರು. ನಾವು ಮೂವರೂ ಒಂದೇ ಕಾರಿನಿಂದ ಇಳಿದೆವು. ವಕೀಲರಿಬ್ಬರೂ ಜೀವನದಲ್ಲಿ ಮೊದಲ ಸಲ ಒಂದೇ ಅಭಿಪ್ರಾಯಕ್ಕೆ ಬಂದಂತೆ ಕಂಡಿತು.

ಚಹಾದ ಬಿಲ್ಲು

ಇಂಥವರ ಮೇಲೆ ಕೋರ್ಟಿನ ಸಮಯ ಯಾಕೆ ಹಾಳು ಎಂದೋ ಏನೋ, ಜಡ್ಜ್ ಸಾಹೇಬರು ರಾಜಿಗೆ ಕಳಿಸಿದರು. ರಾಜಿ ಮಾಡಿಸುವ ಮೇಡಂ ಒಳ್ಳೆಯವರು, ಒಂದು ತಾಸು ಇಬ್ಬರಿಗೂ ಬುದ್ಧಿ ಹೇಳಿದರು. ಸಾವಕಾರರು ಒಂದೂವರೆ ಲಕ್ಷಕ್ಕಿಂತ ಕೆಳಗೆ ಇಳಿಯಲಿಲ್ಲ. ನಮ್ಮವರು ನಲವತ್ತರ ಮೇಲೆ ಪೈಸೆ ಏರಲಿಲ್ಲ. ನಮ್ಮ ವಕೀಲರಂತೂ ನಲವತ್ತೂ ಯಾಕೆ ಎಂದು ಕಣ್ಣಲ್ಲೇ ಗದರಿಸುತ್ತಿದ್ದರು. ಮೇಡಂ ಬೇಸತ್ತು, "ಚಹಾ ಕುಡಿದು ಬನ್ನಿ" ಎಂದರು.

ಕ್ಯಾಂಟೀನಿನಲ್ಲಿ ಚಹಾ ಮುಗಿಯಿತು, ಯುದ್ಧ ಶುರುವಾಯಿತು.

"ನಾ ಕೊಡತೀನ್ರಿ!"

"ಛೇ ಛೇ, ನೀವು ಕೊಟ್ರ ನನ್ನ ಮರ್ಯಾದಿ ಏನು ಉಳೀತು?"

ಇವರು ಸಾವಕಾರರ ಕೈ ತಿರುವಿದರು. ಅವರು ಇವರ ಜೇಬು ಹಿಡಿದು ಜಗ್ಗಿದರು, ಜೇಬು ಹರಿಯಿತು. ಅರವತ್ತು ರೂಪಾಯಿಗೆ ಇಬ್ಬರು ಹಿರಿಯರ ಕುಸ್ತಿ ನೋಡಲು ವಕೀಲರ ಗುಂಪೇ ಸೇರಿತು. ಕೊನೆಗೆ ಇವರು ಮುಂಗಡವಾಗಿಯೇ ಕೊಟ್ಟಿದ್ದರೆಂದು ಗಲ್ಲೆಯವನು ಹೇಳಿದ. ಸಾವಕಾರರ ಮುಖ ಕೆಂಪಾಯಿತು.

ಒಳಗೆ ಬಂದು ಕೂತರೂ ಅವರ ಬಿಸಿ ಆರಿರಲಿಲ್ಲ. "ಮೇಡಂ, ನಾನೇನು ಸಣ್ಣ ಮನಶ್ಯಾ ಅಲ್ಲ" ಎಂದರು. "ಬಡ್ಡಿ ಬ್ಯಾಡ. ಪ್ಲೈ ಉಬ್ಬಿದ್ದೂ ಖರೆ ಇರಬಹುದು. ಅರವತ್ತು ಸಾವಿರ ಸಾಕು."

ನಾನು ದೇವರಿಗೆ ಕೈ ಮುಗಿಯುವಷ್ಟರಲ್ಲಿ ನಮ್ಮವರು ಮೇಜು ಗುದ್ದಿದರು. "ಅರವತ್ತು ಯಾಕ್ರಿ? ನಾ ಏನ್ ಭಿಕಾರಿ ಏನು? ಎಪ್ಪತ್ತು ತಗೋರಿ!"

"ಐವತ್ತರ ಮ್ಯಾಲ ಮುಟ್ಟಂಗಿಲ್ಲ!"

"ಎಂಬತ್ತು! ಪೂರಾ ಎಂಬತ್ತು!"

"ಹಂಗಾರ ನಲವತ್ತು! ಇನ್ನ ಒಂದು ರೂಪಾಯಿ ಏರಿಸಿದ್ರ ನಾ ಎದ್ದು ಹೋಗಾಂವ!"

ಇವರು ಮತ್ತೆ ಬಾಯಿ ತೆರೆದರು. ನೂರಕ್ಕೆ ಹೋಗುವವರೇ ಎಂದು ನನಗೆ ಖಾತ್ರಿ ಇತ್ತು. ಹೇಗೆ ಎದ್ದೆನೋ ಗೊತ್ತಿಲ್ಲ, ಎದ್ದು ನಿಂತು ಇವರ ಬಾಯಿಗೆ ಕೈ ಅಡ್ಡ ಇಟ್ಟು ಮರಾಠಿಯಲ್ಲಿ ಚೀರಿದೆ: "ಮೇಡಂ, ಚಾಳೀಸ್ ಲಿಹಾ! ಲವಕರ್!" ನಲವತ್ತು ಬರೆಯಿರಿ, ಬೇಗ!

ಮೇಡಂ ಬರೆದರು. ಇಬ್ಬರೂ ಸಹಿ ಮಾಡಿದರು. ನನ್ನ ಆಪರೇಷನ್ನಿನ ದುಡ್ಡು ಬಹುಪಾಲು ಉಳಿಯಿತು.

ಹೊರಗೆ ಬಂದ ಮೇಲೆ ಸಾವಕಾರರು ಇವರ ಹೆಗಲ ಮೇಲೆ ಕೈ ಹಾಕಿ, ನನಗೆ ಕೇಳಿಸುವುದಿಲ್ಲ ಎಂದುಕೊಂಡು ಕೇಳಿದರು: "ಮನ್ಯಾಗ ವೈನಿಯವರದು ವ್ಯವಹಾರ ಭಾಳ ಬಿಗಿ ಏನ್ರಿ?"

ನಮ್ಮವರು ನಿಟ್ಟುಸಿರು ಬಿಟ್ಟರು. "ಏನ್ ಹೇಳೂದ್ರಿ ಸಾವಕಾರ್ರ. ಮರ್ಯಾದಿಂದ ಒಂದು ಸಾಲಾ ತೀರಸಾಕ ಸುದ್ದಾ ಬಿಡಂಗಿಲ್ಲ."