ಅಪೊಲಿನ್‌ಗೆ ಜೊತೆಯಾಗುವ ಹೆಸರು

ಹೆಸರುಗಳ ವಿಷಯದಲ್ಲಿ ನನಗೆ ಸ್ವಲ್ಪ ಅಹಂಕಾರವಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಾರ್ಕಳದಲ್ಲಿ ಸಮಾಧಿಕಲ್ಲುಗಳ ಮೇಲೆ ಹೆಸರು ಕೆತ್ತುವುದು ನನ್ನ ಕೆಲಸ. ನಮ್ಮ ಕ್ರೈಸ್ತರ ಹೆಸರುಗಳೆಲ್ಲ ನನ್ನ ಉಳಿಯ ತುದಿಯಲ್ಲಿವೆ. ಯಾವುದರ ಪಕ್ಕ ಯಾವುದು ಚೆಂದ ಎಂದು ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಉಡುಪಿಯವರೆಗೂ ಇಲ್ಲ ಎಂದುಕೊಂಡಿದ್ದೆ. ಈ ಗರ್ವಕ್ಕೆ ಪೆಟ್ಟು ಕೊಟ್ಟವಳು ನನ್ನ ಹೆಂಡತಿ ಐರಿನ್, ಮಣಿಪಾಲದಲ್ಲಿ ನಮ್ಮ ಮಗಳು ಹುಟ್ಟಿದ ಮೇಲೆ.

ಮಗಳಿಗೆ ನನ್ನ ಅಮ್ಮನ ಹೆಸರಿಡಬೇಕೆಂಬುದು ನನ್ನ ಆಸೆ. ಅಮ್ಮನ ಹೆಸರು ಅಪೊಲಿನ್. ಅವರು ನಮ್ಮ ಜೊತೆಗೇ ಇದ್ದಾರೆ, ಬಾಯಿ ಇನ್ನೂ ಗಟ್ಟಿ. "ನನ್ನ ಹೆಸರು ಬೇಡ ಮಾರಾಯ, ಈಗಿನ ಮಕ್ಕಳು ನಗ್ತಾರೆ" ಎನ್ನುತ್ತಲೇ ದಿನಕ್ಕೆ ಮೂರು ಸಲ "ಹೆಸರು ಎಂತ ಆಯ್ತು?" ಎಂದು ಕೇಳುತ್ತಿದ್ದರು. ಅಷ್ಟೂ ಅರ್ಥವಾಗದ ಮಗ ನಾನಲ್ಲ.

ಐರಿನ್ ಕಾಪುವಿನವಳು, ಶಾಲೆಯಲ್ಲಿ ಟೀಚರ್. "ನನ್ನ ಕ್ಲಾಸಲ್ಲಿ ಎಲ್ಲ ರಿಯಾನ, ಕಿಯಾರ. ಅಪೊಲಿನ್ ಅಂತ ಕರೆದ್ರೆ ಬೆಂಚಲ್ಲಿ ಅಜ್ಜಿ ಎದ್ದು ನಿಂತ ಹಾಗೆ ಆಗ್ತದೆ. ಜೊತೆಗೆ ಒಂದು ಒಳ್ಳೆ ನಡುವಿನ ಹೆಸರು ಹುಡುಕಿ. ಭಾನುವಾರದ ದೀಕ್ಷಾಸ್ನಾನದೊಳಗೆ ಸಿಗದಿದ್ರೆ ರಿಯಾನವೇ" ಎಂದಳು.

ಎಂತ ಮಹಾ ಕೆಲಸ! "ಅಪೊಲಿನ್ ಸೆವ್ರಿನ್" ಎಂದೆ. ಐರಿನ್ ತೊಟ್ಟಿಲು ತೂಗುವುದನ್ನು ನಿಲ್ಲಿಸಿ, "ಇದು ಯಾರ ಕಲ್ಲು?" ಎಂದಳು. ಸುಳ್ಳು ಹೇಳಲು ಬರಲಿಲ್ಲ. ಹಿಂದಿನ ತಿಂಗಳು ಕೆತ್ತಿದ್ದು, ಶಿಲುಬೆಯ ಕೆಳಗೆ ತುಂಬ ಚೆಂದ ಕೂತಿತ್ತು. "ಹಾಗಾದರೆ ನತಾಲಿಯಾ?" "ಅದು ಯಾರ ಕಲ್ಲು?" ಅದು ಸ್ಮಶಾನದ ಗೇಟಿನ ಹತ್ತಿರದ್ದು. "ಬೆನೆದಿಕ್ತಾ?" ಎಂದಾಗ ಒಳಗಿನಿಂದ ಅಮ್ಮನೇ, "ಅಯ್ಯೋ, ಅವಳನ್ನು ಮಣ್ಣು ಮಾಡುವಾಗ ನಾನೇ ಹೋಗಿದ್ದೆ!" ಎಂದು ಕೂಗಿದರು.

ಶನಿವಾರದ ಹೊತ್ತಿಗೆ ನನ್ನ ಭಂಡಾರ ಬರಿದಾಯಿತು. ನಾನು ಬಲ್ಲ ಹೆಸರುಗಳಲ್ಲಿ ಉಸಿರಾಡುವುದು ಒಂದೂ ಇರಲಿಲ್ಲ. ಅಮ್ಮ ಅಂದು ಹೆಸರಿನ ಸುದ್ದಿಯನ್ನೇ ಎತ್ತದೆ ಮಗುವಿನ ಬಟ್ಟೆ ಮಡಚುತ್ತಿದ್ದರು. ನನಗೆ ನಿಜಕ್ಕೂ ದುಃಖವಾಯಿತು. ಅಷ್ಟರಲ್ಲಿ ಅವರು, "ಐರಿನ್, ಗಂಜಿ ತಣಿದು ಹೋಗ್ತಾ ಉಂಟು" ಎಂದು ಕರೆದರು. ನಾನು ದಡಕ್ಕನೆ ಎದ್ದು ನಿಂತೆ. ಇಷ್ಟು ವರ್ಷ ಕೆತ್ತಿದ್ದೇನೆ, ಆ ಹೆಸರನ್ನು ಒಂದು ಸಲವೂ ಕೆತ್ತಿಲ್ಲ!

"ಅಪೊಲಿನ್ ಐರಿನ್!" ಎಂದೆ, ಎದೆಯುಬ್ಬಿಸಿ.

"ಇದು ಯಾರ..." ಎಂದು ಶುರುಮಾಡಿದ ಐರಿನ್ ಅಲ್ಲಿಗೇ ನಿಂತಳು. ಆಮೇಲೆ ಜೋರಾಗಿ ನಕ್ಕುಬಿಟ್ಟಳು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಇಬ್ಬರದ್ದೂ ಆಯ್ತು, ಅಲ್ವಾ" ಎಂದರು. ಮರುದಿನ ಫಾದರ್ ಮಗುವಿನ ತಲೆಗೆ ನೀರು ಹೊಯ್ಯುತ್ತ ಆ ಹೆಸರನ್ನು ಗಟ್ಟಿಯಾಗಿ ಹೇಳಿದಾಗ ನಾನು ಕಂಬಳ ಗೆದ್ದ ಕೋಣದ ಹಾಗೆ ತಲೆಯೆತ್ತಿ ನಿಂತಿದ್ದೆ.

ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಗೆದ್ದವನಿಗೆ ಕೈ ತುರಿಸುತ್ತದೆ. ಮನೆಯ ಗೋಡೆಗೆ ಕೂರಿಸಲೆಂದು, ಉಳಿದಿದ್ದ ಕರಿಕಲ್ಲಿನ ತುಂಡಿನಲ್ಲಿ ಮಗಳ ಹೆಸರು, ಹುಟ್ಟಿದ ದಿನ ಕೆತ್ತಿ, ಹೊಳಪು ಕೊಟ್ಟು, ಇಬ್ಬರನ್ನೂ ಕರೆದು ಮುಸುಕು ಸರಿಸಿದೆ. ಐರಿನ್ ಓದಿದಳು. ಬೆರಳಿಟ್ಟು ಮತ್ತೊಮ್ಮೆ ಓದಿದಳು.

"ತಾರೀಕಿನ ಮುಂದೆ ಈ ಗೀಟು ಎಂತಕ್ಕೆ?" ಎಂದಳು.

ಕೈಯ ಅಭ್ಯಾಸ! ಗೀಟಿನ ಆಚೆ ಇನ್ನೊಂದು ತಾರೀಕಿಗೆ ಅಳತೆ ಮಾಡಿ ಜಾಗವನ್ನೂ ಬಿಟ್ಟಿದ್ದೆ.

ಆ ಕಲ್ಲು ಈಗ ಬಾವಿಯ ಪಕ್ಕ, ಅಕ್ಷರ ಅಡಿಯಾಗಿ ಬಿದ್ದಿದೆ. ಕುಮಾರಿ ಅಪೊಲಿನ್ ಐರಿನ್ ಅವರ ಬಟ್ಟೆಗಳನ್ನು ದಿನಾ ಅದರ ಮೇಲೆಯೇ ಒಗೆಯಲಾಗುತ್ತದೆ. ಒಗೆಯುವವನು ನಾನು.